ಸೀಜ್ ಆಗಿದೆ ಅಂದ ಲಾನ್ ಮೂವರ್ ಬಿಚ್ಚಿ ನೋಡಿದಾಗ

ಕಾರವಾರದ ಮಾಜಾಳಿ ಕಡೆಯ ಒಂದು ಹೋಮ್‌ಸ್ಟೇಯ ಲಾನ್ ಮೂವರ್ ಇದು. ಹಿಂದೆ ನಿಂತು ತಳ್ಳಿಕೊಂಡು ಹೋಗುವ ಜಾತಿ. 19 ಇಂಚಿನ ಬ್ಲೇಡ್, ಬ್ಲೇಡನ್ನು ಮುಚ್ಚುವ ಕಬ್ಬಿಣದ ತಗಡಿನ ಡೆಕ್, ಮೇಲೆ ಹೋಂಡಾ ಜಿಎಕ್ಸ್‌ವಿ160 ಎಂಜಿನ್. 163 ಸಿಸಿ, ಫೋರ್ ಸ್ಟ್ರೋಕ್. ಶಾಫ್ಟ್ ನೆಟ್ಟಗೆ ಕೆಳಮುಖವಾಗಿದೆ, ಬ್ಲೇಡ್ ಆ ಶಾಫ್ಟಿನ ತುದಿಗೇ ಕೂತಿದೆ. ನಡುವೆ ಬೆಲ್ಟೂ ಇಲ್ಲ, ಗೇರೂ ಇಲ್ಲ. ಇದೊಂದು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೆಷಿನ್ ಬರುವಾಗಲೇ ತೀರ್ಪೂ ಜೊತೆಗೆ ಬಂದಿತ್ತು: "ಎಂಜಿನ್ ಸೀಜ್ ಆಗಿದೆ, ಗುಜರಿಗೆ ಹಾಕಿ." ಹಗ್ಗ ಎಳೆದರೆ ಒಂದಿಂಚೂ ಬರುತ್ತಿರಲಿಲ್ಲ ನಿಜ. ಸೀಜ್ ಅಂದರೆ ಪಿಸ್ಟನ್ ಸಿಲಿಂಡರಿನೊಳಗೆ ಹಿಡಿದುಕೊಂಡು ಅಲ್ಲಾಡದಿರುವುದು. ಆದರೆ ಆ ಮಾತು ನಮ್ಮ ಕಡೆ ಬಹಳ ಅಗ್ಗ. ಮಳೆ ಮುಗಿದ ಮೇಲೆ ಎರಡು ಮೂರು ಸಲ ಹುಲ್ಲು ಹೊಡೆದು, ಜನವರಿಗೆ ಶೆಡ್ಡಿನ ಮೂಲೆ ಸೇರಿ, ಜೂನ್ ಕಳೆದ ಮೇಲೆ ಹೊರಗೆ ಬರುವ ಮೆಷಿನ್ನಿನಲ್ಲಿ ಪಿಸ್ಟನ್ ನಿಜವಾಗಿ ಹಿಡಿದದ್ದನ್ನು ನಾನು ಕಂಡದ್ದು ಕಡಿಮೆ. ಕರಾವಳಿಯಲ್ಲಿ ಇವು ಹಾಳಾಗುವುದೆಲ್ಲ ಸುಮ್ನೆ ಕೂತಿರುವಾಗ. ಒಂದು ಕಡೆ ಉಪ್ಪುಗಾಳಿ, ಇನ್ನೊಂದು ಕಡೆ ಟ್ಯಾಂಕಿನಲ್ಲಿ ಬಿಟ್ಟ ಪೆಟ್ರೋಲ್.

ಮೊದಲ ಕೆಲಸ ಯಾವಾಗಲೂ ಕಿಡಿ ಕೊಡುವ ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ಕಿತ್ತು, ಮತ್ತೆ ಪ್ಲಗ್ಗಿಗೆ ತಾಗದ ಹಾಗೆ ದೂರ ಕಟ್ಟಿಡುವುದು. ಸ್ವಿಚ್ ಆಫ್ ಇದೆಯಲ್ಲ ಅಂತ ಇದನ್ನು ಬಿಡಬೇಡಿ. ಬ್ಲೇಡ್ ತಿರುಗಿಸಿದರೆ ಎಂಜಿನ್ ತಿರುಗುತ್ತದೆ, ಎಂಜಿನ್ ತಿರುಗಿದರೆ ಕಿಡಿ ಹುಟ್ಟುತ್ತದೆ. ಒಳಗೆ ಒಂದಿಷ್ಟು ಪೆಟ್ರೋಲ್ ಆವಿ ಉಳಿದಿದ್ದರೆ ಬೆರಳಿಗೆ ಗ್ಯಾರಂಟಿ ಇಲ್ಲ.

ಆಮೇಲೆ ಟ್ಯಾಂಕ್ ಖಾಲಿ ಮಾಡಿ ಮೆಷಿನ್ ಓರೆ ಮಾಡಬೇಕು. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್, ಏರ್ ಫಿಲ್ಟರ್ ಇರುವ ಬದಿ ಮೇಲಕ್ಕೆ ಬರಬೇಕು. ಉಲ್ಟಾ ಮಾಡಿದರೆ ಆಯಿಲ್ ಎಲ್ಲ ಫಿಲ್ಟರಿಗೆ ಇಳಿಯುತ್ತದೆ. ಆಮೇಲೆ ಮೆಷಿನ್ ಹೊಗೆ ಉಗುಳುತ್ತದೆ, ಜನ ಪಿಸ್ಟನ್ ರಿಂಗ್ ಹೋಯ್ತು ಅನ್ನುತ್ತಾರೆ. ಇದೂ ಒಂದು ಸಾಮಾನ್ಯ "ಎಂಜಿನ್ ಹೋಗಿದೆ".

ಪ್ಲಗ್ ಬಿಚ್ಚಿ, ಆ ತೂತಿನಲ್ಲಿ ನಾಲ್ಕು ಹನಿ ಎಂಜಿನ್ ಆಯಿಲ್ ಬಿಟ್ಟು, ದಪ್ಪ ಗ್ಲೌಸ್ ಹಾಕಿಕೊಂಡು ಬ್ಲೇಡನ್ನು ನಿಧಾನ ತಿರುಗಿಸಿದೆ. ತಿರುಗಿತು. ಪ್ಲಗ್ ತೂತಿನಿಂದ ಪುಸ್ ಎಂದು ಗಾಳಿಯೂ ಬಂತು. ಅಂದರೆ ಪಿಸ್ಟನ್ ಆರಾಮಾಗಿದೆ. ಹಾಗಾದರೆ ಹಿಡಿದಿರುವುದು ಏನು?

ಹಗ್ಗದ ಗೂಡು

ಹಿಡಿದದ್ದು ರಿಕಾಯಿಲ್ ಸ್ಟಾರ್ಟರ್. ಹಗ್ಗ ಸುತ್ತಿಕೊಳ್ಳುವ ರಾಟೆ, ಅದರ ಸ್ಪ್ರಿಂಗ್, ಎರಡೂ ತುಕ್ಕು ಹಿಡಿದು ಒಂದಕ್ಕೊಂದು ಅಂಟಿಕೊಂಡಿದ್ದವು. ಎಂಜಿನ್ ಮೇಲಿನ ಕವರ್ ತೆಗೆದಾಗ ಇನ್ನೊಂದು ಬಳಗ ಕಂಡಿತು. ಫ್ಯಾನ್ ಸುತ್ತ ಇಲಿ ಗೂಡು. ತೆಂಗಿನ ನಾರು, ಒಣ ಹುಲ್ಲು, ನಡುವೆ ಏರ್ ಫಿಲ್ಟರಿನ ಸ್ಪಂಜಿನ ಚೂರುಗಳು. ಸಿಲಿಂಡರಿನ ರೆಕ್ಕೆಗಳ ಸಂದೆಲ್ಲ ನಾರು ತುಂಬಿ ಗಟ್ಟಿಯಾಗಿತ್ತು. ಈ ಎಂಜಿನ್ ತಣ್ಣಗಾಗುವುದು ಆ ಸಂದಿನಲ್ಲಿ ಓಡುವ ಗಾಳಿಯಿಂದ ಮಾತ್ರ. ಹಗ್ಗ ಸುಸೂತ್ರ ಬಂದು, ಎಂಜಿನ್ ಸ್ಟಾರ್ಟ್ ಆಗಿ, ಅರ್ಧ ಗಂಟೆ ಬಿಸಿಲಲ್ಲಿ ಓಡಿದ್ದರೆ ಆಗ ನಿಜವಾಗಿಯೂ ಸೀಜ್ ಆಗುತ್ತಿತ್ತು. ತುಕ್ಕು ಒಂದು ಲೆಕ್ಕದಲ್ಲಿ ಎಂಜಿನ್ ಉಳಿಸಿತು ಅನ್ನಿ.

ರಿಕಾಯಿಲ್ ಸ್ಪ್ರಿಂಗ್ ಬಿಚ್ಚುವಾಗ ಕನ್ನಡಕ ಬೇಕೇ ಬೇಕು. ಅದು ಸುರುಳಿಯಾಗಿ ಬಿಗಿದು ಕೂತ ಪಟ್ಟಿ. ರಾಟೆ ಎತ್ತಿದ ಕೂಡಲೇ ಹಾರಿ ಮುಖಕ್ಕೆ ಬರಬಹುದು. ಕವರ್ ಮೇಲೆ ದಪ್ಪ ಗೋಣಿ ಹಾಕಿ, ಒಳಗೆ ಕೈ ಬಿಟ್ಟು ಎತ್ತಿದೆ. ಸೀಮೆಎಣ್ಣೆಯಲ್ಲಿ ತಿಕ್ಕಿ, ಒರೆಸಿ, ತೆಳ್ಳಗೆ ಗ್ರೀಸ್ ಹಚ್ಚಿ ವಾಪಸ್ ಸುತ್ತಿದೆ. ಜಾಸ್ತಿ ಗ್ರೀಸ್ ಬೇಡ, ಹುಲ್ಲಿನ ಪುಡಿ ಅಂಟಿ ಅರೆದ ಹಿಟ್ಟಾಗುತ್ತದೆ. ಹಗ್ಗ ಹೊಸದು ಹಾಕಿದೆ. ಬಂದರಿನ ಹತ್ತಿರ ಬಲೆ ಸಾಮಾನು ಮಾರುವ ಅಂಗಡಿಯಲ್ಲಿ ಹೆಣೆದ ನೈಲಾನ್ ಹಗ್ಗ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಹುರಿ ಮಾಡಿದ್ದಲ್ಲ, ಹೆಣೆದದ್ದೇ ಬೇಕು. ಹುರಿ ಹಗ್ಗ ಬಿಚ್ಚಿಕೊಂಡು ರಾಟೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ.

ಸೈಲೆನ್ಸರ್ ಬಾಯಿಗೂ ಟಾರ್ಚ್ ಬಿಟ್ಟು ನೋಡಿದೆ. ಕುಂಬಾರ ಹುಳ ಒಳಗೆ ಮಣ್ಣಿನ ಮನೆ ಕಟ್ಟಿತ್ತು. ತಂತಿ ಹಾಕಿ ಕೆರೆದು ತೆಗೆದೆ. ಇಲ್ಲಿ ಶೆಡ್ಡಿನಲ್ಲಿಟ್ಟ ಯಾವ ಮೆಷಿನ್ನಿಗೂ ಇದನ್ನು ನೋಡದೆ ಹಗ್ಗ ಎಳೆಯಬೇಡಿ.

ಕಾರ್ಬುರೇಟರ್

ಇದೇ ಈ ಕಥೆಯ ಹೊಟ್ಟೆ. ತಳದ ಬಟ್ಟಲು ಬಿಚ್ಚಿ ಬೆಳಕಿಗೆ ಹಿಡಿದೆ. ಮೇಲೆ ಹಳೆ ವಾರ್ನಿಷ್ ವಾಸನೆಯ ಒಂದಿಷ್ಟು ಪೆಟ್ರೋಲ್. ಅದರ ಕೆಳಗೆ ಕಂದು ಬಣ್ಣದ ನೀರು. ಬಟ್ಟಲು ಓರೆ ಮಾಡಿದರೆ ನೀರು ಪೆಟ್ರೋಲಿನ ಜೊತೆ ಸೇರದೆ, ಉಂಡೆಯಾಗಿ ಆ ಕಡೆ ಈ ಕಡೆ ಉರುಳುತ್ತಿತ್ತು. ನೀರು ಕೂತ ಜಾಗದಲ್ಲಿ ಬಿಳಿ ಪುಡಿ. ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಜೆಟ್, ಅದರ ತುದಿಯ ಹಿತ್ತಾಳೆಯ ಮೇಲೆ ಹಸಿರು ಕಿಲುಬು.

ಟ್ಯಾಂಕಿನ ಮುಚ್ಚಳ ಗಟ್ಟಿಯಾಗಿಯೇ ಇತ್ತು. ನೀರು ಬಂದದ್ದು ಗಾಳಿಯಿಂದ. ಈಗ ಬಂಕಿನಲ್ಲಿ ಹಾಕಿಸುವ ಪೆಟ್ರೋಲಿನಲ್ಲಿ 20 ಶೇಕಡಾದಷ್ಟು ಎಥನಾಲ್ ಇರುತ್ತದೆ. ಇ20 ದೇಶದಲ್ಲಿ ಶುರುವಾದದ್ದು 2023ರ ಫೆಬ್ರವರಿಯಲ್ಲಿ. ದಿನಾ ಓಡುವ ಬೈಕಿನಲ್ಲಿ ಟ್ಯಾಂಕ್ ಬೇಗ ಖಾಲಿಯಾಗುತ್ತದೆ, ಅಷ್ಟಾಗಿ ಗೊತ್ತಾಗುವುದಿಲ್ಲ. ತಿಂಗಳುಗಟ್ಟಲೆ ಕೂರುವ ಮೆಷಿನ್ನಿಗೆ ಅದು ಬೇರೆಯೇ ಲೆಕ್ಕ. ಎಥನಾಲ್ ಗಾಳಿಯ ತೇವ ಹೀರುತ್ತದೆ. ಒಂದು ಮಟ್ಟ ದಾಟಿದ ಮೇಲೆ ನೀರೂ ಎಥನಾಲೂ ಜೊತೆಯಾಗಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಮೇನ್ ಜೆಟ್ ಇರುವುದೂ ಆ ತಳದಲ್ಲೇ. ಎಂಜಿನ್ ಮೊದಲು ಕುಡಿಯುವುದು ಈ ಕೊಳೆಯನ್ನೇ. ವರ್ಷಕ್ಕೆ 3000 ಮಿ.ಮೀ. ಆಸುಪಾಸು ಮಳೆ ಸುರಿಯುವ ಕಾರವಾರದಲ್ಲಿ, ಅದೂ ಸಮುದ್ರದ ಪಕ್ಕ, ಗಾಳಿಯಲ್ಲಿ ತೇವಕ್ಕೇನು ಬರ ಅಲ್ವಾ.

ಮೇನ್ ಜೆಟ್ಟನ್ನು ಬಿಸಿಲಿಗೆ ಹಿಡಿದರೆ ತೂತಿನಲ್ಲಿ ಬೆಳಕೇ ಇಲ್ಲ. ಇಲ್ಲಿ ಸೂಜಿ ಚುಚ್ಚುವವರು ಬಹಳ. ಹಿತ್ತಾಳೆ ಮೆತ್ತಗಿನ ಲೋಹ. ಉಕ್ಕಿನ ಸೂಜಿ ಒಂದು ಸಲ ಗೀರಿದರೆ ತೂತು ದೊಡ್ಡದಾಗುತ್ತದೆ. ಆಮೇಲೆ ಎಂಜಿನ್ ಜಾಸ್ತಿ ಪೆಟ್ರೋಲ್ ಕುಡಿದು ಕಪ್ಪು ಹೊಗೆ ಬಿಡುತ್ತದೆ. ನಾನು ಬಳಸುವುದು ಮೀನು ಗಾಳದ ತಂಗೂಸಿ. ಬೇರೆ ಬೇರೆ ದಪ್ಪದ ತುಂಡುಗಳು ಟೂಲ್ ಡಬ್ಬಿಯಲ್ಲೇ ಇವೆ. ತುದಿ ಓರೆಯಾಗಿ ಕತ್ತರಿಸಿ, ಕಾರ್ಬ್ ಕ್ಲೀನರ್ ಹೊಡೆದು, ನೆನೆಯಲು ಬಿಟ್ಟು, ಮೆಲ್ಲಗೆ ತೂರಿಸಿದರೆ ಕಿಲುಬು ಬರುತ್ತದೆ, ಹಿತ್ತಾಳೆಗೆ ಏನೂ ಆಗುವುದಿಲ್ಲ. ಪೆಟ್ರೋಲಿಗೆ ಗಾಳಿ ಸೇರುವ ಎಮಲ್ಷನ್ ಟ್ಯೂಬಿನ ಅಡ್ಡ ತೂತುಗಳನ್ನೂ ಒಂದೊಂದಾಗಿ ಹಾಗೇ ಬಿಡಿಸಿದೆ. ಎಲ್ಲರೂ ಮೇನ್ ಜೆಟ್ ನೋಡುತ್ತಾರೆ, ಇವನ್ನು ಮರೆಯುತ್ತಾರೆ.

ನಿಧಾನ ಓಟಕ್ಕೆ ಪೆಟ್ರೋಲ್ ಕೊಡುವ ಪೈಲಟ್ ಜೆಟ್ಟಿನ ತಲೆ ಪ್ಲಾಸ್ಟಿಕ್‌ನದ್ದು, ಅದಕ್ಕೊಂದು ರಬ್ಬರ್ ರಿಂಗ್. ಇದನ್ನು ಕ್ಲೀನರಿನಲ್ಲಿ ನೆನೆ ಹಾಕಬಾರದು. ಚೋಕ್ ಎಳೆದಾಗ ಮಾತ್ರ ಎಂಜಿನ್ ಓಡಿ, ಚೋಕ್ ತೆಗೆದ ಕೂಡಲೇ ಹೋಗುತ್ತದೆ ಅಂತಾದರೆ, ಅಥವಾ ಸ್ಪೀಡ್ ಏರುತ್ತಾ ಇಳಿಯುತ್ತಾ ಉಸಿರಾಡಿದ ಹಾಗೆ ಓಡಿದರೆ, ಮೊದಲು ಅನುಮಾನ ಪಡಬೇಕಾದದ್ದು ಈ ಎರಡು ಜೆಟ್‌ಗಳನ್ನು. ಬಟ್ಟಲಿನ ಗ್ಯಾಸ್ಕೆಟ್ ಮೇಲೂ ಕ್ಲೀನರ್ ಬೀಳಬಾರದು, ಉಬ್ಬಿದರೆ ಮತ್ತೆ ಅದರ ಜಾಗದಲ್ಲಿ ಕೂರುವುದಿಲ್ಲ.

ಟ್ಯಾಂಕಿನ ಪೆಟ್ರೋಲಿಗೆ ನೀಲಿ ಛಾಯೆ ಇತ್ತು. ಕೇಳಿದರೆ, ತೋಟದ ವೀಡ್ ಕಟರಿನ ಕ್ಯಾನಿನಿಂದಲೇ ಹಾಕಿದ್ದಂತೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟದವರಿಗೆಲ್ಲ ಟೂ ಸ್ಟ್ರೋಕ್ ವೀಡ್ ಕಟರ್ ಕೈ ಅಳತೆಯ ಸಾಮಾನು. ಪೆಟ್ರೋಲಿಗೆ 2ಟಿ, ಅಂದರೆ ಟೂ ಸ್ಟ್ರೋಕ್ ಆಯಿಲ್ ಬೆರೆಸುವುದು ಅಭ್ಯಾಸ. ಅದೇ ಅಭ್ಯಾಸ ಲಾನ್ ಮೂವರಿಗೂ ಬರುತ್ತದೆ. ಫೋರ್ ಸ್ಟ್ರೋಕಿಗೆ ಆಯಿಲ್ ಬೇರೆ, ಪೆಟ್ರೋಲ್ ಬೇರೆ. ಬೆರೆಸಿ ಹಾಕಿದರೆ ಎಂಜಿನ್ ತಕ್ಷಣ ಸಾಯುವುದಿಲ್ಲ, ಆದರೆ ಪ್ಲಗ್ ಮಸಿ ಹಿಡಿಯುತ್ತದೆ, ಸೈಲೆನ್ಸರ್ ಅಂಟಾಗುತ್ತದೆ. ಇದರ ತದ್ವಿರುದ್ಧ ಮಾಡಿದರೆ, ಅಂದರೆ ವೀಡ್ ಕಟರಿಗೆ ಬರೀ ಪೆಟ್ರೋಲ್ ಹಾಕಿದರೆ, ಅದು ನಿಜವಾದ ಸೀಜ್. ಎರಡು ಕ್ಯಾನಿಗೆ ಎರಡು ಬಣ್ಣದ ಟೇಪ್ ಸುತ್ತಿ ಕೊಟ್ಟಿದ್ದೇನೆ.

ಆಯಿಲ್ ಬದಲಿಸಿದ್ದು ಚಿಕ್ಕ ಕೆಲಸ. ಹಳೆಯದು ಕಪ್ಪಾಗಿ, ಮೇಲೆ ಸ್ವಲ್ಪ ಬಿಳಿ ನೊರೆ ಇತ್ತು, ತೇವದ್ದು. 10ಡಬ್ಲ್ಯೂ-30 ಆಯಿಲ್ ಸುಮಾರು 0.65 ಲೀಟರ್ ಹಿಡಿಯುತ್ತದೆ. ಡಿಪ್‌ಸ್ಟಿಕ್ಕನ್ನು ತಿರುಗಿಸಿ ಬಿಗಿಮಾಡದೆ, ಸುಮ್ನೆ ಇಳಿಬಿಟ್ಟು ಅಳತೆ ನೋಡಬೇಕು. ಬಿಗಿಮಾಡಿ ನೋಡಿದರೆ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಹೊಸ ಪ್ಲಗ್, ಗ್ಯಾಪ್ 0.7ರಿಂದ 0.8 ಮಿ.ಮೀ. ಫಿಲ್ಟರ್ ಇಲಿಯ ಪಾಲಾಗಿದ್ದರಿಂದ ಅದೂ ಹೊಸದು.

ಕೈಗೆ ಹೊಡೆಯುವ ಹಗ್ಗ

ಎಲ್ಲ ಜೋಡಿಸಿ ಎಳೆದೆ. ಎಂಜಿನ್ ಬುಸುಗುಟ್ಟಿತು, ಕೂಡಲೇ ಹಿಡಿಕೆ ಕೈಯಿಂದ ಕಿತ್ತುಕೊಂಡು ವಾಪಸ್ ಹೋಯಿತು. ಮತ್ತೆ ಎಳೆದೆ, ಮತ್ತೆ ಅದೇ. ಎಂಜಿನ್ ಉಲ್ಟಾ ಒದೆಯುತ್ತಿತ್ತು.

ಮೊದಲು ಹೇಳಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ಬ್ಲೇಡ್ ನೇರ ಶಾಫ್ಟಿಗೇ ಕೂತಿದೆ. ಓಡುತ್ತಿರುವ ಬ್ಲೇಡ್ ತೆಂಗಿನ ಬುಡಕ್ಕೋ ಚಿರೆಕಲ್ಲಿಗೋ ಹೊಡೆದರೆ ಶಾಫ್ಟ್ ಗಕ್ಕನೆ ನಿಲ್ಲುತ್ತದೆ. ಶಾಫ್ಟಿನ ಮೇಲ್ತುದಿಯಲ್ಲಿರುವ ಫ್ಲೈವೀಲ್ ಎಂಬ ಚಕ್ರ ಭಾರದ್ದು, ಅದು ಅದೇ ವೇಗದಲ್ಲಿ ಮುಂದೆ ಹೋಗಲು ನೋಡುತ್ತದೆ. ಎರಡರ ನಡುವೆ ಇರುವುದು ಕೀ ಎಂಬ ಒಂದು ಸಣ್ಣ ಲೋಹದ ಚೂರು. ಆ ಏಟು ಪೂರ್ತಿ ಅದರ ಮೇಲೆ. ಕೀ ಅರ್ಧ ಕತ್ತರಿಸಿ ಫ್ಲೈವೀಲ್ ಒಂದು ಕೂದಲೆಳೆ ಮುಂದೆ ಜರುಗಿದರೂ ಸಾಕು. ಕಿಡಿ ಹುಟ್ಟಿಸುವ ಮ್ಯಾಗ್ನೆಟ್ ಇರುವುದು ಫ್ಲೈವೀಲಿನಲ್ಲಿ. ಅದು ಕಿಡಿಗೆ ಕರೆಂಟ್ ಕೊಡುವ ಕಾಯಿಲ್ ಎದುರಿಗೆ ಬೇಗ ಬರುತ್ತದೆ. ಪಿಸ್ಟನ್ ಮೇಲೆ ಬರುತ್ತಿರುವಾಗಲೇ ಕಿಡಿ ಹತ್ತಿ, ಪಿಸ್ಟನ್ನನ್ನು ಬಂದ ದಾರಿಗೇ ಒದೆಯುತ್ತದೆ. ಆ ಒದೆತ ಹಗ್ಗದಲ್ಲಿ ಕೈಗೆ ಬರುತ್ತದೆ.

ಮನೆಯವರನ್ನು ಕೇಳಿದೆ. ಗೇಟಿನ ಹತ್ತಿರ ಕಡಿದ ತೆಂಗಿನ ಬುಡ ಹುಲ್ಲಿನಲ್ಲಿ ಮುಚ್ಚಿತ್ತಂತೆ, "ಒಂದು ಸಲ ಠಣ್ ಅಂದಿತ್ತು, ಆಮೇಲೆ ಸರಿ ಓಡಲೇ ಇಲ್ಲ." ಇದನ್ನು ಯಾರೂ ಮೊದಲು ಹೇಳುವುದಿಲ್ಲ. ಮುಂದೆ ನೀವು ಯಾರ ಮೆಷಿನ್ ಬಿಚ್ಚಿದರೂ ಮೊದಲ ಪ್ರಶ್ನೆಯಾಗಿ ಇದನ್ನೇ ಕೇಳಿ.

ಫ್ಲೈವೀಲ್ ನಟ್ ಬಿಚ್ಚುವಾಗ ಅದರ ರೆಕ್ಕೆಗೆ ಸ್ಕ್ರೂಡ್ರೈವರ್ ಒತ್ತಿ ತಡೆಯಬಾರದು, ಎರಕದ ರೆಕ್ಕೆ ಪಟ್ ಎಂದು ಮುರಿಯುತ್ತದೆ. ಪಟ್ಟಿ ಬಳಸಿ ಹಿಡಿದೆ. ಫ್ಲೈವೀಲನ್ನು ಪುಲ್ಲರ್ ಹಾಕಿ ಎಳೆದೆ. ಸುತ್ತಿಗೆಯಲ್ಲಿ ಬಡಿದು ತೆಗೆಯುವವರೂ ಇದ್ದಾರೆ, ಬೇರಿಂಗಿಗೂ ಮ್ಯಾಗ್ನೆಟ್ಟಿಗೂ ಅದು ಒಳ್ಳೆಯದಲ್ಲ. ಕೀ ಹೊರಬಂದಾಗ ನಡುವೆ ಮೆಟ್ಟಿಲಿನ ಹಾಗೊಂದು ಅಂಚು. ಮೇಲಿನ ಅರ್ಧ ಒಂದು ಕಡೆ, ಕೆಳಗಿನ ಅರ್ಧ ಇನ್ನೊಂದು ಕಡೆ. ಉಗುರು ಆಡಿಸಿದರೆ ಸಿಗುವಷ್ಟು ಮಾತ್ರ.

ಆ ಕೀ ಕಾರವಾರದಲ್ಲಿ ಸಿಗಲಿಲ್ಲ. ಕಬ್ಬಿಣದ ಚೂರು ಅರೆದು ಮಾಡಿಕೊಡುತ್ತೇನೆ ಅಂದವರಿದ್ದರು. ಬೇಡ ಅಂದೆ. ಅಳತೆ ಚೂರು ಆಚೀಚೆ ಆದರೂ ಕಿಡಿಯ ಟೈಮಿಂಗ್ ಮತ್ತೆ ತಪ್ಪುತ್ತದೆ. ಹುಬ್ಬಳ್ಳಿಯಿಂದ ಬಸ್ ಪಾರ್ಸೆಲ್‌ನಲ್ಲಿ ಅರಬೈಲು ಘಟ್ಟ ಇಳಿದು ಬಂತು. ಶಾಫ್ಟಿನ ಶಂಕುವಿನ ಭಾಗ, ಫ್ಲೈವೀಲಿನ ತೂತು ಎರಡನ್ನೂ ಎಣ್ಣೆ ಪಸೆ ಇಲ್ಲದ ಹಾಗೆ ಒರೆಸಬೇಕು. ನಿಜವಾಗಿ ಫ್ಲೈವೀಲನ್ನು ಹಿಡಿದಿಡುವುದು ಆ ಶಂಕುವಿನ ಬಿಗಿ, ಕೀ ಇರುವುದು ಜಾಗ ತೋರಿಸಲು. ನಟ್ ಬಿಗಿ ಸುಮಾರು 75 ನ್ಯೂಟನ್ ಮೀಟರ್. ಕಾಯಿಲಿಗೂ ಮ್ಯಾಗ್ನೆಟ್ಟಿಗೂ ನಡುವೆ ಸಂದು ಅಳೆಯುವ 0.4 ಮಿ.ಮೀ. ಪಟ್ಟಿ, ಫೀಲರ್ ಗೇಜ್, ಇಟ್ಟು ಕೂರಿಸಿದೆ.

ಆಮೇಲೆ ಎಳೆದಾಗ ಹತ್ತಿತು. ಒಂದಿಷ್ಟು ಬಿಳಿ ಹೊಗೆ, ಸಿಲಿಂಡರಿಗೆ ಬಿಟ್ಟ ಆಯಿಲಿನದ್ದು. ಸ್ವಲ್ಪ ಹೊತ್ತಿಗೆ ತಿಳಿಯಾಯಿತು.

ಡೆಕ್

ಎಂಜಿನ್ ಇಳಿಸಿ ಡೆಕ್ಕಿನ ಹೊಟ್ಟೆ ಮೇಲೆ ಮಾಡಿದರೆ ಒಣಗಿದ ಹುಲ್ಲಿನ ಗಟ್ಟಿ ಪದರ. ಅದನ್ನು ಉಳಿಯಲ್ಲಿ ಎಬ್ಬಿಸಿದಾಗ ಅದರ ಹಿಂದೆಯೇ ತುಕ್ಕು ಹಪ್ಪಳ ಹಪ್ಪಳವಾಗಿ ಎದ್ದು ಬಂತು. ಹಸಿ ಹುಲ್ಲು ತಗಡಿಗೆ ಅಂಟಿಕೊಂಡು ನೀರು ಹಿಡಿದಿಡುತ್ತದೆ, ಸಮುದ್ರದ ಗಾಳಿ ಅದಕ್ಕೆ ಉಪ್ಪು ಸೇರಿಸುತ್ತದೆ. ಹುಲ್ಲು ಹೊರಗೆ ಬೀಳುವ ಬಾಯಿಯ ಹತ್ತಿರ ಅಂಗೈಯಗಲ ಜಾಗದಲ್ಲಿ ಬೆಳಕು ಕಾಣುತ್ತಿತ್ತು.

ಬೈತಖೋಲ ಬಂದರಿನ ಕಡೆ ದೋಣಿಗೆ ಫೈಬರ್ ತೇಪೆ ಹಾಕುವವರಿದ್ದಾರೆ. ಒಳ್ಳೆಯ ಕೆಲಸಗಾರರು. ಮ್ಯಾಟ್, ರೆಸಿನ್ ಹಾಕಿದರೆ ತುಕ್ಕಿನ ಗೊಡವೆಯೇ ಇಲ್ಲ ಎಂದರು. ಆಸೆ ಆಯ್ತು, ಆದರೆ ಲೆಕ್ಕ ಹಾಕಿ ಬಿಟ್ಟೆ. 19 ಇಂಚಿನ ಬ್ಲೇಡ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಅದರ ತುದಿ ಸೆಕೆಂಡಿಗೆ ಸುಮಾರು 75 ಮೀಟರ್ ಓಡುತ್ತದೆ. ಅಂದರೆ ಗಂಟೆಗೆ 270 ಕಿ.ಮೀ. ಆ ವೇಗದಲ್ಲಿ ಎಸೆದ ಜಂಬಿಟ್ಟಿಗೆ ಚೂರಿಗೂ ನನ್ನ ಕಣಕಾಲಿಗೂ ನಡುವೆ ಇರುವುದು ಈ ತಗಡು ಮಾತ್ರ. ಕೊಳೆತ ಭಾಗ ಪೂರ್ತಿ ಕತ್ತರಿಸಿ, ಅದೇ ದಪ್ಪದ ಉಕ್ಕಿನ ತಗಡು ಬಗ್ಗಿಸಿ ವೆಲ್ಡ್ ಮಾಡಿಸಿದೆ. ಎಂಜಿನ್ ಮೇಲಿರುವಾಗ ವೆಲ್ಡ್ ಮಾಡಿಸಲೇಬೇಡಿ. ಪೆಟ್ರೋಲಿನ ಭಯ ಒಂದು. ಕರೆಂಟ್ ಬೇರಿಂಗ್ ಮೂಲಕ ಹಾದು ಹೋಗಿ ಅದನ್ನು ಹಾಳು ಮಾಡುವುದು ಇನ್ನೊಂದು.

ಉಳಿದ ಭಾಗ ವೈರ್ ಬ್ರಷ್ಷಿನಲ್ಲಿ ತಿಕ್ಕಿ, ಸಿಹಿನೀರಿನಲ್ಲಿ ತೊಳೆದೆ. ಕಡಲ ಪಕ್ಕದ ಬಾವಿಗಳಲ್ಲಿ ಬೇಸಿಗೆಗೆ ನೀರು ಸವುಳಾಗುತ್ತದೆ, ಅಂಥ ನೀರು ಬೇಡ. ಉಪ್ಪು ಹೋಗದೆ ಪೇಂಟ್ ಬಳಿದರೆ ಒಂದೇ ಮಳೆಗಾಲಕ್ಕೆ ಗುಳ್ಳೆ ಏಳುತ್ತದೆ. ಬಿಸಿಲಿಗಿಟ್ಟು, ರಸ್ಟ್ ಕನ್ವರ್ಟರ್ ಹಚ್ಚಿ, ಎಪಾಕ್ಸಿ ಪ್ರೈಮರ್, ಮೇಲೆ ಎರಡು ಕೋಟ್ ಪೇಂಟ್.

ಥ್ರಾಟಲ್ ಕೇಬಲ್ ಕೂಡ ಒಳಗೆ ತುಕ್ಕು ಹಿಡಿದು ಅಲುಗುತ್ತಿರಲಿಲ್ಲ. ಸೈಕಲ್ ಅಂಗಡಿಯ ಬ್ರೇಕ್ ಕೇಬಲ್ ಕತ್ತರಿಸಿ ಹಾಕಿದೆ. ಚೆನ್ನಾಗಿದೆ. ಸ್ಟಾಪ್ ತನಕ ಎಳೆದಾಗ ಎಂಜಿನ್ ನಿಲ್ಲುತ್ತದೆಯೇ ಅನ್ನುವುದನ್ನು ಮಾತ್ರ ಖಾತ್ರಿ ಮಾಡಿಕೊಳ್ಳಿ.

ಬ್ಲೇಡ್

ಬುಡಕ್ಕೆ ಹೊಡೆದ ಬ್ಲೇಡ್ ಒಂದು ತುದಿಯಲ್ಲಿ ಬಗ್ಗಿತ್ತು. ಅದನ್ನು ಬಡಿದು ನೆಟ್ಟಗೆ ಮಾಡುವ ಮಾತೇ ಇಲ್ಲ, ಒಳಗೆ ಬಿರುಕು ಬಿಟ್ಟಿರಬಹುದು. ಹೊಸದು ಹಾಕಿದೆ. ಜೊತೆಗೇ ಶಾಫ್ಟ್ ಬಗ್ಗಿದೆಯೇ ನೋಡಬೇಕು. ಡೆಕ್ಕಿನ ಅಂಚಿಗೆ ಒಂದು ಕಡ್ಡಿ ಕಟ್ಟಿ, ಬ್ಲೇಡಿನ ಒಂದು ತುದಿಗೆ ತಾಗುವ ಹಾಗೆ ಇಟ್ಟು, ಇನ್ನೊಂದು ತುದಿ ಅಲ್ಲಿಗೆ ತಿರುಗಿಸಿದೆ. ಎರಡೂ ಒಂದೇ ಮಟ್ಟಕ್ಕೆ ಬಂದವು. ಅದೃಷ್ಟ. ಶಾಫ್ಟ್ ಬಗ್ಗಿದ್ದರೆ ಅಲ್ಲಿಗೆ ರಿಪೇರಿ ನಿಲ್ಲಿಸಿ, ಗುಜರಿಯ ಮಾತಿಗೆ ನಾನೂ ತಲೆ ಆಡಿಸುತ್ತಿದ್ದೆ.

ಮುಂದೆ ಸಾಣೆ ಹಿಡಿಯುವಾಗ ಮೊದಲಿನ ಇಳಿಜಾರನ್ನೇ ಹಿಡಿದು ಹೋಗಿ, ಸುಮಾರು 30 ಡಿಗ್ರಿ. ಕತ್ತಿಯಷ್ಟು ಚೂಪು ಬೇಡ, ನಮ್ಮ ಕೆಂಪು ಮಣ್ಣಿನ ಗರಸಿಗೆ ಆ ಅಂಚು ಒಂದು ದಿನವೂ ನಿಲ್ಲುವುದಿಲ್ಲ. ಗ್ರೈಂಡರಿನಲ್ಲಿ ಅಂಚು ನೀಲಿಯಾಗುವಷ್ಟು ಕಾಯಿಸಬಾರದು. ಗೋಡೆಗೆ ಹೊಡೆದ ಮೊಳೆಗೆ ನಡುವಿನ ತೂತು ಸಿಕ್ಕಿಸಿ ನೋಡಿ. ಯಾವ ಕಡೆ ಇಳಿಯುತ್ತದೋ ಆ ಕಡೆ ಇನ್ನೊಂದಿಷ್ಟು ಉಜ್ಜಿ. ಬ್ಯಾಲೆನ್ಸ್ ಇಲ್ಲದಿದ್ದರೆ ಹ್ಯಾಂಡಲ್ ಹಿಡಿದ ಕೈ ಸಂಜೆಗೆ ಜೋಮು ಹಿಡಿಯುತ್ತದೆ, ಬೇರಿಂಗೂ ಬೇಗ ಹೋಗುತ್ತದೆ.

ಮೊದಲ ಹುಲ್ಲು ಹೊಡೆದದ್ದು ಮಳೆ ಬಿಡುವು ಕೊಟ್ಟ ಮಧ್ಯಾಹ್ನ. ಹುಲ್ಲು ಮೊಣಕಾಲೆತ್ತರ, ನಡುವೆ ನಾಚಿಕೆಮುಳ್ಳು. ಅಷ್ಟನ್ನು ಒಂದೇ ಸಲ ಬುಡಕ್ಕೆ ಕತ್ತರಿಸಲು ಹೋದರೆ ಯಾವ ಮೆಷಿನ್ನೂ ಉಸಿರುಗಟ್ಟುತ್ತದೆ. ಚಕ್ರ ಪೂರ್ತಿ ಎತ್ತರಕ್ಕೆ ಇಟ್ಟು ಮೇಲಿಂದ ಒಂದು ಸುತ್ತು, ಒಣಗಲು ಬಿಟ್ಟು ಇನ್ನೊಂದು ಸುತ್ತು ತಗ್ಗಿಸಿ. ತೆಂಗಿನ ಬುಡದ ಸುತ್ತ ನಾಲ್ಕು ಗೂಟ ಹೊಡೆದು ಕೆಂಪು ಬಟ್ಟೆ ಕಟ್ಟಿಸಿದೆ.

ಮನೆಯವರಿಗೆ ಹೇಳಿ ಬಂದದ್ದು ಇಷ್ಟು. ಪ್ರತಿ ಸಲ ಕೆಲಸ ಮುಗಿದಾಗ ಪೆಟ್ರೋಲ್ ಕಾಕ್ ಮುಚ್ಚಿ, ಎಂಜಿನ್ ತಾನಾಗಿ ನಿಲ್ಲುವ ತನಕ ಓಡಲಿ, ಆಗ ಕಾರ್ಬುರೇಟರ್ ಬಟ್ಟಲು ಬಹುಪಾಲು ಖಾಲಿಯಾಗುತ್ತದೆ. ಪ್ಲಗ್ ಕ್ಯಾಪ್ ಕಿತ್ತು, ಅಡಿಯ ಹುಲ್ಲನ್ನು ಹಸಿ ಇರುವಾಗಲೇ ಮರದ ಪಟ್ಟಿಯಲ್ಲಿ ಕೆರೆದುಬಿಡಿ. ಜನವರಿಯಲ್ಲಿ ಮೂಲೆಗೆ ಇಡುವ ಮುಂಚೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಬಟ್ಟಲಿನ ತಳದ ಸ್ಕ್ರೂ ಬಿಚ್ಚಿ ಉಳಿದದ್ದನ್ನೂ ಇಳಿಸಿ. ಹಗ್ಗವನ್ನು ನಿಧಾನ ಎಳೆದು, ಎಳೆತ ಗಟ್ಟಿಯಾದಲ್ಲಿ ನಿಲ್ಲಿಸಿ. ಅಲ್ಲಿ ಎರಡೂ ವಾಲ್ವ್ ಮುಚ್ಚಿರುತ್ತವೆ, ತೇವದ ಗಾಳಿ ಸಿಲಿಂಡರಿಗೆ ಹೋಗುವುದಿಲ್ಲ. ಪ್ಲಾಸ್ಟಿಕ್ ಹೊದಿಸಬೇಡಿ, ಒಳಗೆ ಬೆವರುತ್ತದೆ. ಹಳೆ ಹತ್ತಿ ಬೆಡ್‌ಶೀಟ್ ಸಾಕು. ಸೈಲೆನ್ಸರ್ ಬಾಯಿಗೆ ಕೆಂಪು ಬಟ್ಟೆಯ ಬಿರಡೆ, ಸ್ಟಾರ್ಟ್ ಮಾಡುವಾಗ ಮರೆಯದ ಹಾಗೆ.

ಇನ್ನು ಉಳಿದಿರುವುದು ಹುಲ್ಲು ತುಂಬುವ ಚೀಲ. ಇಲಿ ಅದಕ್ಕೂ ಬಾಯಿ ಹಾಕಿತ್ತು. ಹೊಸದಕ್ಕೆ ಹೇಳುವ ಬದಲು ಬಲೆ ಹೆಣೆಯುವವರೊಬ್ಬರಿಗೆ ಕೊಟ್ಟಿದ್ದೇನೆ. ಸಣ್ಣ ಕಣ್ಣಿನ ಬಲೆ ಹಾಕಿ ಹೊಲಿಯುತ್ತಾರಂತೆ. ಗಾಳಿ ಹೊರಗೆ ಹೋಗಬೇಕು, ಹುಲ್ಲು ಒಳಗೆ ನಿಲ್ಲಬೇಕು. ಕಲ್ಲು ಬಡಿಯುವ ಹಿಂಭಾಗಕ್ಕೆ ಮಾತ್ರ ದಪ್ಪ ಕ್ಯಾನ್ವಾಸ್ ಎರಡು ಪದರ ಹಾಕಿ ಎಂದಿದ್ದೇನೆ. ಅಲ್ಲಿಯವರೆಗೆ ಚೀಲ ಇಲ್ಲದೆ ಹುಲ್ಲು ಹೊಡೆಯುವಾಗ ಹಿಂದಿನ ಮುಚ್ಚಳ ಕಡ್ಡಾಯವಾಗಿ ಇಳಿಬಿಟ್ಟೇ ಇರಬೇಕು.